ಅಸೋಸಿಯೇಷನ್ ಕಟ್ಟಬೇಕಾ? ಮೊದಲು ನೀರಿನ ಟೈಮ್ ಕೇಳಿ

ಬೆಂಗಳೂರಿನ ಲಿಂಗರಾಜಪುರದ ಕಡೆ ನಮ್ಮ ಬೀದಿ. ಒಂದು ಮನೆಯಲ್ಲಿ ತಮಿಳು, ಪಕ್ಕದಲ್ಲಿ ಉರ್ದು, ಎದುರಿಗೆ ತೆಲುಗು, ಮೂಲೆಯ ಪಿಜಿಯಲ್ಲಿ ಹಿಂದಿ, ಬಂಗಾಳಿ. ನಾನು ಇಲ್ಲಿಯ ಅಸೋಸಿಯೇಷನ್ ಕಾರ್ಯದರ್ಶಿ. "ಇಷ್ಟು ಥರದ ಜನರನ್ನು ಹೇಗೆ ಸೇರಿಸ್ತೀರಮ್ಮಾ?" ಅಂತ ಬೇರೆ ಬಡಾವಣೆಯವರು ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

"ಎಲ್ಲರೂ ಒಗ್ಗಟ್ಟಾಗೋಣ" ಅಂತ ನೋಟಿಸ್ ಅಂಟಿಸಿದರೆ ಯಾರೂ ಬರುವುದಿಲ್ಲ. ಅದರ ಬದಲು ಕಾವೇರಿ ನೀರು ನಿಮಗೆ ಎಷ್ಟು ಹೊತ್ತಿಗೆ ಬರುತ್ತೆ ಅಂತ ಕೇಳುತ್ತಾ ಮನೆಮನೆಗೆ ಹೋಗಿ. ಮಾತು ತಾನಾಗೇ ಶುರುವಾಗುತ್ತದೆ. ಮಹಡಿಗೆ ಪ್ರೆಷರ್ ಇಲ್ಲ, ಕಸದ ಆಟೋ ನಿಲ್ಲುವುದೇ ಇಲ್ಲ, ಬೀದಿ ದೀಪ ಕೆಟ್ಟು ಎಷ್ಟು ದಿನವಾಯಿತೋ. ಎಲ್ಲವನ್ನೂ ಮನೆ ನಂಬರ್ ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಓನರ್ ಬಾಗಿಲು ತಟ್ಟಿ ವಾಪಸ್ ಬಂದುಬಿಡಬೇಡಿ. ಮೇಲಿನ ಬಾಡಿಗೆದಾರರು, ಪಿಜಿ ಹುಡುಗರು, ಹಿಂದಿನ ವಠಾರ, ಎಲ್ಲರನ್ನೂ ಕೇಳಿ. ನೀರು ನಿಂತ ದಿನ ಬಿಂದಿಗೆ ಹಿಡಿದು ಓಡುವವರು ಅವರೇ.

ಮೀಟಿಂಗ್ ಯಾರದೋ ಮನೆ ಹಾಲ್‌ನಲ್ಲಿ ಬೇಡ, ಕೆಲವರು ಹೊಸಿಲು ದಾಟುವುದಕ್ಕೇ ಹಿಂಜರಿಯುತ್ತಾರೆ. ಗುಡಿ, ಮಸೀದಿ, ಚರ್ಚ್ ಆವರಣವೂ ಬೇಡ. ಬೀದಿಯಲ್ಲೇ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿ. ಭಾನುವಾರ ಬೆಳಗ್ಗೆ ಚರ್ಚ್‌ಗೆ ಹೋಗುವವರು ಇರುತ್ತಾರೆ, ಹಾಗಾಗಿ ಸಂಜೆ 5ಕ್ಕೆ ಇಡಿ. ರಂಜಾನ್ ತಿಂಗಳಲ್ಲಿ ಮಾತ್ರ ಸಂಜೆ ಬೇಡ. ಉಪವಾಸ ಬಿಡುವುದಕ್ಕೆ ಅಡುಗೆ ನಡೆಯುವ ಹೊತ್ತು ಅದು, ಹೆಂಗಸರು ಬರುವುದೇ ಇಲ್ಲ. ಆಗ ಮಧ್ಯಾಹ್ನ 12ಕ್ಕೆ ಕರೆಯಿರಿ.

ಮಾತು ಕನ್ನಡದಲ್ಲೇ ನಡೆಯಲಿ. ಒಂದೊಂದು ತೀರ್ಮಾನವಾದ ಮೇಲೆ ತಮಿಳಿನಲ್ಲಿ, ಹಿಂದಿಯಲ್ಲಿ ಎರಡೆರಡು ಮಾತು ಹೇಳಿಸಿ. ನಮ್ಮಲ್ಲಿ ಈ ಕೆಲಸ ಇಸ್ತ್ರಿ ಅಂಗಡಿ ಅಕ್ಕನದು. ಎಲ್ಲರ ಮನೆ ಬಟ್ಟೆಯೂ ಅವರಿಗೆ ಗೊತ್ತು, ಎಲ್ಲರ ಭಾಷೆಯೂ ಗೊತ್ತು. ಸಭೆ ಮುಗಿದ ಮೇಲೆ ಅವರ ದನಿಯಲ್ಲೇ ವಾಟ್ಸಾಪ್‌ಗೆ ಒಂದು ವಾಯ್ಸ್ ಮೆಸೇಜ್ ಹಾಕಿಸುತ್ತೇವೆ. ಓದಲು ಬಾರದವರಿಗೂ ವಿಷಯ ಮುಟ್ಟುತ್ತದೆ. (ದಿನಾ "ಶುಭೋದಯ" ಚಿತ್ರ ಕಳಿಸುವವರಿಗೆ ಬೇರೆ ಗ್ರೂಪ್ ಮಾಡಿಕೊಡಿ.)

ಹಬ್ಬದ ಮಾತು ಈಗಲೇ ಎತ್ತಬೇಡಿ. ಮೊದಲು ಒಂದು ಕೆಲಸ ಆಗಲಿ, ಬೀದಿ ದೀಪವಾದರೂ ಸರಿ. ಆಮೇಲೆ ನವೆಂಬರ್ 1ರ ರಾಜ್ಯೋತ್ಸವದಿಂದ ಶುರು ಮಾಡಿ, ಅದು ಯಾವ ಧರ್ಮದ್ದೂ ಅಲ್ಲ, ಅಲ್ವಾ? ಅವತ್ತು ಪೌರಕಾರ್ಮಿಕರನ್ನೂ ಊಟಕ್ಕೆ ಕರೆಯಿರಿ. ಮನೆಯಿಂದ ಅಡುಗೆ ತರುವುದಾದರೆ ಎರಡು ಟೇಬಲ್ ಹಾಕಿ, ವೆಜ್ ಒಂದು ಕಡೆ, ನಾನ್‌ವೆಜ್ ಒಂದು ಕಡೆ, ಸೌಟು ಬೇರೆ ಬೇರೆ. ಮೊದಲೇ ಹೇಳಿಬಿಟ್ಟರೆ ಆಮೇಲೆ ಮುಖ ಸಿಂಡರಿಸುವ ಪ್ರಶ್ನೆ ಬರುವುದಿಲ್ಲ. ಮೈಕ್ ರಾತ್ರಿ 10ಕ್ಕೆ ಬಂದ್. ಅದು ಕಾನೂನು, ಯಾರ ಹಬ್ಬವಾದರೂ ಅಷ್ಟೇ.

ಚಂದಾ ಕಡಿಮೆ ಇರಲಿ, ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ. ಖರ್ಚಿನ ಲೆಕ್ಕವನ್ನು ಹಾಲಿನ ಬೂತ್ ಪಕ್ಕ ಅಂಟಿಸಿ. ಲೆಕ್ಕದಲ್ಲಿ ತಪ್ಪು ಹುಡುಕುವ ಹಿರಿಯರೊಬ್ಬರು ಎಲ್ಲ ಬೀದಿಯಲ್ಲೂ ಇರುತ್ತಾರೆ. ಅವರನ್ನೇ ಖಜಾಂಚಿ ಮಾಡಿ.

ನೋಂದಣಿಗೆ ಅವಸರವಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ 7 ಜನ ಸಾಕು. ಬೈಲಾ, ಅಂದರೆ ಸಂಘದ ನಿಯಮಗಳನ್ನು, ಬರೆಸುವಾಗ ಮಾತ್ರ ಎಚ್ಚರವಾಗಿರಿ. ಬೇರೆಯವರ ಬೈಲಾ ಸುಮ್ನೆ ನಕಲು ಮಾಡಿದರೆ "ಮನೆ ಮಾಲೀಕರು ಮಾತ್ರ ಸದಸ್ಯರು" ಅನ್ನುವ ಸಾಲೂ ಜೊತೆಗೆ ಬಂದುಬಿಡಬಹುದು. ಅದನ್ನು ಹೊಡೆದುಹಾಕಿ, ಇಲ್ಲಿ ವಾಸವಿರುವ 18 ದಾಟಿದವರೆಲ್ಲ ಅಂತ ಬರೆಸಿ. ಓನರ್‌ಗಳು ಗೊಣಗುತ್ತಾರೆ, ಗೊಣಗಲಿ. ಅವರಲ್ಲಿ ಎಷ್ಟೋ ಜನ ಈ ಬೀದಿಯಲ್ಲಿ ಇರುವುದೇ ಇಲ್ಲ.