ಸ್ಕ್ರಿಪ್ಟ್ ಓಡಿಸದೆ ಸಿಂಟ್ಯಾಕ್ಸ್ ತಪ್ಪು ಹಿಡಿಯುವುದು: ನನ್ನ ಅನುಭವ

ಕೋಡ್ ಸರ್ವರ್‌ಗೆ ಹೋಗುವ ಮೊದಲೇ ಸಿಂಟ್ಯಾಕ್ಸ್ (ಕೋಡಿನ ವ್ಯಾಕರಣ) ತಪ್ಪು ಹಿಡಿಯುವ ಚೆಕ್ ಒಂದನ್ನು ಹಾಕಿದೆ. "ಎಡಿಟರ್‌ನಲ್ಲೇ ಕೆಂಪು ಗೆರೆ ಬರುತ್ತಲ್ಲ, ಇದಕ್ಕೆ ಬೇರೆ ವ್ಯವಸ್ಥೆ ಯಾಕೆ?" ಅಂತ ತಂಡದಲ್ಲಿ ಎಲ್ಲರೂ ಕೇಳಿದ್ದರು. ಈಗ ಯಾರೂ ಕೇಳುವುದಿಲ್ಲ. ಹತ್ತಿರ ಹತ್ತಿರ ಎರಡು ಸಾವಿರ ಪಿಎಚ್‌ಪಿ ಫೈಲು, ಜೊತೆಗೆ ಒಂದಷ್ಟು ಬ್ಯಾಶ್, ಪರ್ಲ್. ಒಂದು ಸೆಮಿಕೋಲನ್ ಬಿಟ್ಟುಹೋದ ಫೈಲೂ ಸರ್ವರ್ ಮುಟ್ಟಿಲ್ಲ.

ಮೊದಲು ಲೂಪ್ ಹಾಕಿ, ಒಂದೊಂದೇ ಫೈಲಿಗೆ ಪಿಎಚ್‌ಪಿ -ಎಲ್ (ಓಡಿಸದೆ ಸಿಂಟ್ಯಾಕ್ಸ್ ಮಾತ್ರ ನೋಡುವ ಕಮಾಂಡ್) ಕೊಡುತ್ತಿದ್ದೆ. ಐದಾರು ನಿಮಿಷ ಹಿಡಿಯುತ್ತಿತ್ತು. ಚೆಕ್‌ಗಳು ಓಡುವ ಬಿಲ್ಡ್ ಸರ್ವರ್‌ಗೆ ನಿಮಿಷದ ಲೆಕ್ಕದಲ್ಲಿ ದುಡ್ಡು, ಪ್ರತಿ ಪುಶ್‌ಗೂ (ಯಾರಾದರೂ ಕೋಡ್ ಕಳಿಸಿದಾಗಲೆಲ್ಲ) ಇದೇ ಓಡಿದರೆ ತಿಂಗಳ ಬಿಲ್ ಏನಾಗಬೇಡ? ಫೈಲುಗಳ ಪಟ್ಟಿಯನ್ನು ಇನ್ನೊಂದು ಕಮಾಂಡಿಗೆ ಹಂಚುವ ಎಕ್ಸ್‌ಆರ್ಗ್ಸ್‌ಗೆ -ಪಿ (ದೊಡ್ಡಕ್ಷರದ P) ಹಾಕಿ ಎಂಟೆಂಟು ಫೈಲು ಒಟ್ಟಿಗೆ ಓಡಿಸಿದೆ. ನಿಮಿಷದೊಳಗೆ ಮುಗಿಯಿತು. ಆದರೆ ತಪ್ಪು ಹತ್ತು ಕಡೆ ಇದ್ದರೂ ತೋರಿಸುತ್ತಿದ್ದದ್ದು ಒಂದೋ ಎರಡೋ. ಅದನ್ನು ಸರಿಮಾಡಿದರೆ ಇನ್ನೊಂದು ತಲೆ ಎತ್ತುತ್ತಿತ್ತು. "ನಿನ್ನ ಚೆಕ್ ನಂಬೋಕಾಗಲ್ಲ" ಅನ್ನುವ ಮಾತು ಶುರುವಾಗಿದ್ದೇ ಇಲ್ಲಿ.

ಕಾರಣ ಎಕ್ಸಿಟ್ ಕೋಡ್, ಅಂದರೆ ಕಮಾಂಡ್ ಮುಗಿಯುವಾಗ ಕೊಡುವ ಸಂಖ್ಯೆ. ಸಿಂಟ್ಯಾಕ್ಸ್ ತಪ್ಪಿದ್ದರೆ ಪಿಎಚ್‌ಪಿ 255 ಕೊಡುತ್ತದೆ. 255 ಕಂಡರೆ ಎಕ್ಸ್‌ಆರ್ಗ್ಸ್ ಉಳಿದ ಫೈಲುಗಳನ್ನು ಮುಟ್ಟದೆ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಪ್ರತಿ ಕರೆಯನ್ನೂ ಚಿಕ್ಕ ಶೆಲ್ ಒಳಗಿಟ್ಟು, 255 ಬದಲು 1 ಬರುವಂತೆ ಮಾಡಿದೆ. ಈಗ ತಪ್ಪುಗಳೆಲ್ಲ ಒಂದೇ ಓಟದಲ್ಲಿ ಬರುತ್ತವೆ. ಕೊನೆಗೆ ಎಕ್ಸ್‌ಆರ್ಗ್ಸ್ 123 ಕೊಡುತ್ತದೆ, ಬಿಲ್ಡ್ ನಿಲ್ಲುತ್ತದೆ. ಬಿಲ್ ಕಾಲು ಭಾಗಕ್ಕೆ ಇಳಿಯಿತು. ಇದು ನನಗೆ ನಿಜಕ್ಕೂ ಹೆಮ್ಮೆಯ ವಿಷಯ.

ಪ್ರಿ-ಕಮಿಟ್ ಹುಕ್‌ನಲ್ಲಿ (ಗಿಟ್‌ನಲ್ಲಿ ಕಮಿಟ್ ಆಗುವ ಮೊದಲು ತಾನಾಗಿ ಓಡುವ ಸ್ಕ್ರಿಪ್ಟ್) ಡಿಸ್ಕ್ ಮೇಲಿನ ಫೈಲನ್ನು ನೋಡಬೇಡಿ. ಗಿಟ್ ಶೋ ಬಳಸಿ, ಸ್ಟೇಜ್ ಆಗಿರುವ (ಕಮಿಟ್‌ಗೆ ಆರಿಸಿಟ್ಟ) ಪ್ರತಿಯನ್ನೇ ಚೆಕ್‌ಗೆ ಪೈಪ್ ಮಾಡಿ. ಸರ್ವರ್‌ನಲ್ಲಿರುವ ಪಿಎಚ್‌ಪಿ ಆವೃತ್ತಿಯಲ್ಲೇ ಚೆಕ್ ಮಾಡಿ. ಮ್ಯಾಚ್ ಎಕ್ಸ್‌ಪ್ರೆಶನ್ 8.0ರಲ್ಲಿ ಸಲೀಸಾಗಿ ಪಾಸ್, 7.4ರಲ್ಲಿ ಪಾರ್ಸ್ ಎರರ್.

ಪರ್ಲ್‌ನ ಸಿಂಟ್ಯಾಕ್ಸ್ ಚೆಕ್ ಆದ ಪರ್ಲ್ -ಸಿ ಕೂಡ ಸುಮ್ನೆ ಪ್ರಯೋಗ ಮಾಡಿದೆ. ಅದು ಬಿಗಿನ್ ಬ್ಲಾಕ್‌ಗಳನ್ನು (ಫೈಲು ಓದುತ್ತಿರುವಾಗಲೇ ಓಡುವ ಕೋಡ್ ತುಂಡುಗಳು) ಓಡಿಸಿಯೇ ಬಿಡುತ್ತದೆ! ಹಳೆಯ ಸ್ಕ್ರಿಪ್ಟ್ ಒಂದು ಚೆಕ್ ಮಾಡುವಾಗಲೇ ಡೇಟಾಬೇಸ್‌ಗೆ ಕನೆಕ್ಟ್ ಆಯಿತು. ಅಪರಿಚಿತ ಪರ್ಲ್ ಫೈಲುಗಳನ್ನು ಈಗ ಪ್ರತ್ಯೇಕ ಕಂಟೇನರ್‌ನಲ್ಲೇ (ಉಳಿದ ಸಿಸ್ಟಮ್‌ನಿಂದ ಬೇರ್ಪಡಿಸಿದ ಜಾಗ) ಚೆಕ್ ಮಾಡುತ್ತೇನೆ. ಬ್ಯಾಶ್‌ಗೆ ಇದೇ ಕೆಲಸ ಮಾಡುವ ಬ್ಯಾಶ್ -ಎನ್ ಇಷ್ಟು ಅಪಾಯವಲ್ಲ, ಆದರೆ ಕಮಾಂಡ್ ಹೆಸರು ತಪ್ಪಿದ್ದರೆ ಹಿಡಿಯುವುದಿಲ್ಲ. ಇಫ್ (if) ಮುಚ್ಚುವ ಫಿ (fi) ಮರೆತರೆ ಫೈಲಿನ ಕೊನೆಯ ಸಾಲಿಗೆ ಬೆರಳು ತೋರಿಸುತ್ತದೆ. ನಿಜವಾದ ಸಾಲು ಹುಡುಕಲು ನನ್ನದೊಂದು ಪುಟ್ಟ ಸ್ಕ್ರಿಪ್ಟ್ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಪಿಎಚ್‌ಪಿ 8.3ರಿಂದ ಒಂದೇ -ಎಲ್‌ಗೆ ಹಲವು ಫೈಲು ಕೊಡಬಹುದು. ಐವತ್ತರ ಗುಂಪು ಮಾಡಿ ನೋಡುತ್ತಿದ್ದೇನೆ, ಸಮಯ ಇನ್ನೂ ಜಾಸ್ತಿ ಉಳಿಯುವ ಹಾಗಿದೆ.