ಜಗಳವಾಡಿದವರನ್ನೇ ಜಗಳ ಬಿಡಿಸಲು ಕೂರಿಸಿದೆ: ನನ್ನ ಅನುಭವ

ದೀಪಾವಳಿ ಕಳೆದ ಮೇಲಿನ ವಾರಗಳು ಹಾವೇರಿ ಜಿಲ್ಲೆಯ ಹಳ್ಳಿಗಳ ಪ್ರೌಢಶಾಲೆಗಳಲ್ಲಿ ಹೇಗಿರುತ್ತವೆ ಎಂಬುದನ್ನು ಇಲ್ಲಿ ಕೆಲಸ ಮಾಡಿದವರಿಗೆ ವಿವರಿಸಬೇಕಾಗಿಲ್ಲ. ಕೊಬ್ಬರಿ ಹಾರ ಕಟ್ಟಿ ಓಡಿಸುವ ಹೋರಿಗಳನ್ನು ಹಿಡಿಯುವ ಹೋರಿ ಹಬ್ಬದಲ್ಲಿ ಯಾವ ಊರಿನ ಹೋರಿಯ ಕೊಬ್ಬರಿ ಹರಿದರು, ಯಾವುದು ಯಾರ ಕೈಗೂ ಸಿಗದೆ ಓಡಿತು ಎಂಬ ವಾದವು ಮೊಬೈಲ್ ಸ್ಟೇಟಸ್‌ನಲ್ಲಿ ಹುಟ್ಟಿ, ಸೈಕಲ್ ನಿಲ್ಲಿಸುವಲ್ಲಿ ಬೆಳೆದು, ಬಿಸಿಯೂಟದ ಸಾಲಿನಲ್ಲಿ ಕೈ ಮಿಲಾಯಿಸುವವರೆಗೆ ಬರುತ್ತದೆ. ಐದಾರು ಹಳ್ಳಿಗಳಿಂದ ಸುಮಾರು 300 ಮಕ್ಕಳು ಬರುವ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕನಾಗಿ ನಾನು ಇದಕ್ಕೊಂದು ದಾರಿ ಕಂಡುಕೊಂಡಿದ್ದೇನೆ. ಇದು ಆಗುವ ಕೆಲಸವಲ್ಲ ಎಂದಿದ್ದ ಸಹೋದ್ಯೋಗಿಗಳೇ ಈಗ ವಿವರ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ ಮೇಲೆ ನಮ್ಮ ಕೈಯಲ್ಲಿ ಉಳಿದದ್ದು ಎರಡೇ: ಮುಚ್ಚಳಿಕೆ ಬರೆಸಿಕೊಳ್ಳುವುದು ಮತ್ತು ಪೋಷಕರನ್ನು ಕರೆಸುವುದು. ಮುಚ್ಚಳಿಕೆಗೆ ಮಕ್ಕಳು ಹೆದರುವುದಿಲ್ಲ. ಪೋಷಕರನ್ನು ಕರೆಸಿದರೆ ಜೊತೆಗೆ ಊರಿನ ನಾಲ್ವರು ಬಂದು, ಇಬ್ಬರು ಹುಡುಗರ ಜಗಳ ಎರಡು ಊರುಗಳ ಜಗಳವಾಗುತ್ತದೆ. ದೂರು ಪೆಟ್ಟಿಗೆಯನ್ನೂ ಇಟ್ಟು ನೋಡಿದೆವು. ಅದು ಹೆಸರಿಲ್ಲದ ಚಾಡಿ ಚೀಟಿಗಳಿಂದ ತುಂಬಿತು. ಬಳಿಕ ತರಗತಿಯ ನಾಯಕರನ್ನೂ ಹೆಚ್ಚು ಅಂಕ ಪಡೆಯುವವರನ್ನೂ ಆರಿಸಿ ರಾಜಿ ಮಾಡಿಸಲು ಕೂರಿಸಿದೆವು. ಅವರು ಮೇಷ್ಟ್ರ ಕಡೆಯವರು ಎಂಬ ಭಾವನೆ ಮಕ್ಕಳಲ್ಲಿದ್ದುದರಿಂದ ಯಾರೂ ಅವರೆದುರು ಬಾಯಿ ಬಿಡಲಿಲ್ಲ. ಹೀಗೆ ಒಂದು ವರ್ಷ ಹೆಚ್ಚುಕಡಿಮೆ ವ್ಯರ್ಥವಾಯಿತು.

ಮರುವರ್ಷ ಹೆಚ್ಚು ಜಗಳವಾಡುವವರ ಪೈಕಿ, ಪ್ರತಿ ಊರಿನಿಂದಲೂ ಹುಡುಗಿಯರೂ ಹುಡುಗರೂ ಇರುವಂತೆ, ಹತ್ತು ಹನ್ನೆರಡು ಮಕ್ಕಳನ್ನು ಆರಿಸಿದೆ. ನಮ್ಮ ದೈಹಿಕ ಶಿಕ್ಷಕರು ಕಡುವಾಗಿ ವಿರೋಧಿಸಿದರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕಳ್ಳನ ಕೈಗೆ ಕೀಲಿ ಕೊಟ್ಟಂತಾಯಿತು ಎಂಬ ಮಾತೂ ಬಂತು. ನಾನು ಪಟ್ಟು ಬಿಡಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ಗಂಟೆಯಂತೆ ಮೂರು ತಿಂಗಳು ತರಬೇತಿ ನಡೆಸಿದೆ. ಕಲಿಸಿದ ನಿಯಮಗಳು ಇವು: ರಾಜಿ ಮಾಡಿಸಲು ಕೂರುವ ಇಬ್ಬರು ಮಕ್ಕಳೂ ಜಗಳವಾಡಿದವರ ಊರಿನವರಾಗಿರಬಾರದು. ಮೊದಲು ಒಬ್ಬೊಬ್ಬರನ್ನೇ ಕೇಳಿ, ಅವರ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಎದುರುಬದುರು ಕೂತಾಗ, ಎದುರಿನವನ ದೂರನ್ನು ಅವನು ಹೌದೆನ್ನುವಂತೆ ಹೇಳಿದ ಮೇಲೆಯೇ ತನ್ನ ದೂರು ಹೇಳಬೇಕು. ಒಪ್ಪಂದದಲ್ಲಿ ಮಾಡಬೇಕಾದ ಒಂದು ಕೆಲಸವೂ ಒಂದು ದಿನಾಂಕವೂ ಇರಲೇಬೇಕು. ಶಿಕ್ಷಕರು ವರಾಂಡದಲ್ಲಿ ಕಾಣುವಷ್ಟು ದೂರದಲ್ಲಿರುತ್ತಾರೆ, ಕೇಳಿಸುವಷ್ಟು ಹತ್ತಿರ ಹೋಗುವುದಿಲ್ಲ. ಜಗಳವಾಡಿದ ಇಬ್ಬರನ್ನು ಕೂರಿಸಿದ ಮೇಲೆ ಕೇಳುವ ಮೊದಲ ಪ್ರಶ್ನೆಯೊಂದಿದೆ; ಅದನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಮಕ್ಕಳಿಗೆ ಮೊದಲೇ ತಿಳಿದರೆ ಉತ್ತರ ಸಿದ್ಧಮಾಡಿಕೊಂಡು ಬರುತ್ತಾರೆ.

ಒಂಬತ್ತನೆಯ ತರಗತಿಯ ಹುಡುಗನೊಬ್ಬ ಇನ್ನೊಬ್ಬನ ಸೈಕಲ್ ಸೀಟನ್ನು ಬ್ಲೇಡಿನಿಂದ ಸೀಳಿದ್ದ. ಶಿಕ್ಷಕರೆಲ್ಲರೂ ಅದನ್ನು ಹೋರಿಯ ಜಗಳವೆಂದೇ ತಿಳಿದಿದ್ದೆವು. ಮಕ್ಕಳು ಅರ್ಧ ಗಂಟೆಯೊಳಗೆ ಹೊರತೆಗೆದದ್ದೇ ಬೇರೆ: ಸೀಟಿನ ಒಡೆಯ ತನ್ನ ಸ್ಟೇಟಸ್‌ನಲ್ಲಿ ಆ ಹುಡುಗನ ತಂದೆಯ ಕುಂಟುಗಾಲನ್ನು ಆಡಿಕೊಂಡಿದ್ದ. ಸ್ಟೇಟಸ್ ಅಂದೇ ತೆಗೆಯುವುದು, ಸೀಟಿನ ಖರ್ಚು ಸುಮಾರು 250 ರೂಪಾಯಿಯನ್ನು ಸೀಳಿದವನು ಎರಡು ಕಂತಿನಲ್ಲಿ ಕೊಡುವುದು ಎಂದು ಬರೆದು ಇಬ್ಬರೂ ಸಹಿ ಹಾಕಿದರು. ಎರಡನೇ ಕಂತು ದಿನಾಂಕಕ್ಕಿಂತ ಮೊದಲೇ ಬಂತು. ದೈಹಿಕ ಶಿಕ್ಷಕರ ಮನಸ್ಸು ಬದಲಾದದ್ದು ಅಂದಿನಿಂದ.

ಹಣದ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಚಾಪೆ, ನೋಟ್‌ಬುಕ್, ಶನಿವಾರದ ಗಿರ್ಮಿಟ್ ಮತ್ತು ಚಹಾ ಸೇರಿ ವರ್ಷಕ್ಕೆ 4,000 ರೂಪಾಯಿಯ ಆಸುಪಾಸು. ಶಾಲಾ ಅನುದಾನವು ವಿದ್ಯುತ್ ಬಿಲ್ಲು, ಶೌಚಾಲಯದ ದುರಸ್ತಿಗೇ ಮುಗಿಯುತ್ತದೆ. ಎಸ್‌ಡಿಎಂಸಿ ಸದಸ್ಯರೊಬ್ಬರು 1,500 ಕೊಟ್ಟರು, ಉಳಿದದ್ದು ನನ್ನ ಜೇಬಿನದು. ಇದರ ನಡುವೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಮಕ್ಕಳು ಬರೆದಿಟ್ಟ ನೋಟ್‌ಬುಕ್ ತಿರುವಿ ಹಾಕಿದಾಗ, ಮೂರರಲ್ಲೊಂದು ತಳ್ಳಾಟ ನಡೆದದ್ದು ಊಟದ ನಂತರ ತಟ್ಟೆ ತೊಳೆಯುವ ನಲ್ಲಿಗಳ ಬಳಿ. ದಾನಿಯೊಬ್ಬರ ನೆರವಿನಿಂದ ಆರೇಳು ಸಾವಿರದಲ್ಲಿ ಇನ್ನೊಂದು ಸಾಲು ನಲ್ಲಿ ಹಾಕಿಸಿದೆವು; ಆ ಜಗಳಗಳು ಯಾವ ರಾಜಿಯೂ ಇಲ್ಲದೆ ನಿಂತವು. ಊರು ಬೆರೆಸಿ ಖೋಖೋ ತಂಡ ಕಟ್ಟಿದ್ದು ಮಾತ್ರ ಫಲ ಕೊಡಲಿಲ್ಲ, ಚೀಟಿ ಎತ್ತಿ ನಾಯಕರನ್ನು ಆರಿಸಿದ ಮೇಲಷ್ಟೇ ಅದು ಸುಧಾರಿಸಿತು.

ಎಲ್ಲವನ್ನೂ ಈ ಚಾಪೆಯ ಮೇಲೆ ತರಬಾರದು. ಲೈಂಗಿಕ ಕಿರುಕುಳದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು, ಅಲ್ಲಿ ರಾಜಿಗೆ ಅವಕಾಶವಿಲ್ಲ. ಜಾತಿ ಹಿಡಿದು ಬೈದ ಪ್ರಕರಣಗಳನ್ನೂ ನಾನು ಮಕ್ಕಳ ಕೈಗೆ ಕೊಡುವುದಿಲ್ಲ. ನೊಂದ ಮಗುವನ್ನು ಒಪ್ಪಂದಕ್ಕೆ ಒಪ್ಪಿಸುವುದು ಅನ್ಯಾಯ.

ಮೊದಲು ನನ್ನ ಕೊಠಡಿಗೆ ತಿಂಗಳಿಗೆ ಇಪ್ಪತ್ತರಷ್ಟು ದೂರು ಬರುತ್ತಿದ್ದವು, ಈಗ ಐದಾರು. ಹತ್ತನೆಯವರು ಮಾರ್ಚ್‌ನಲ್ಲಿ ಪರೀಕ್ಷೆ ಬರೆದು ಹೊರಟುಬಿಡುವುದರಿಂದ, ಎಂಟನೆಯವರನ್ನು ಡಿಸೆಂಬರ್‌ನಲ್ಲೇ ಆರಿಸಿ, ಎರಡು ತಿಂಗಳು ಮಾತಾಡದೆ ಪಕ್ಕದಲ್ಲಿ ಕೂತು ನೋಡಲು ಬಿಡುತ್ತೇನೆ. ಈ ಪದ್ಧತಿ ಆರಂಭಿಸುವವರು ಈ ಎರಡು ತಿಂಗಳನ್ನು ಮಾತ್ರ ಕೈಬಿಡಬೇಡಿ.