ಓಡುತ್ತಿರುವ ಫ್ರೀಬಿಎಸ್‌ಡಿ ಯಂತ್ರದಲ್ಲಿ ಬೂಟ್ ಬ್ಲಾಕ್ ಬರೆದ ನನ್ನ ಅನುಭವ

ನಾನು ನೋಡಿಕೊಳ್ಳುವ, ಯುನಿಕ್ಸ್ ಮಾದರಿಯ ಫ್ರೀಬಿಎಸ್‌ಡಿ ಕಾರ್ಯಾಚರಣಾ ವ್ಯವಸ್ಥೆಯ ಸರ್ವರ್, ಬಯಾಸ್ ಎಂಬ ಹಳೆಯ ಫರ್ಮ್‌ವೇರ್‌ನಿಂದ ಏಳುವ ಯಂತ್ರ. ಜಿಪಿಟಿ ಎಂಬ ಪಾರ್ಟಿಷನ್ ಪಟ್ಟಿ ಇರುವ ಎರಡು ಡಿಸ್ಕ್‌ಗಳ ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯ ಮಿರರ್‌ನಿಂದ (ಒಂದರ ಪ್ರತಿ ಇನ್ನೊಂದರಲ್ಲಿರುವ ಜೋಡಿಯಿಂದ) ಅದು ಬೂಟ್ ಆಗುತ್ತದೆ. ವ್ಯವಸ್ಥೆಯ ಹೊಸ ಆವೃತ್ತಿ ಹಾಕಿದ ಮೇಲೆ ಪೂಲನ್ನೂ, ಅಂದರೆ ಆ ಡಿಸ್ಕ್‌ಗಳ ಝಡ್‌ಎಫ್‌ಎಸ್ ಸಂಗ್ರಹವನ್ನೂ, ಅಪ್‌ಗ್ರೇಡ್ ಮಾಡಬೇಕಿತ್ತು. ಪೂಲ್‌ಗೆ ಹೊಸ ಸೌಲಭ್ಯಗಳು ಸೇರಿದರೆ ಡಿಸ್ಕ್‌ನಲ್ಲಿರುವ ಹಳೆಯ ಬೂಟ್ ಕೋಡ್‌ಗೆ (ಬೂಟ್ ಬ್ಲಾಕ್‌ನಲ್ಲಿದ್ದು ಯಂತ್ರ ಏಳುವಾಗ ಓಡುವ ಪುಟ್ಟ ಕ್ರಮವಿಧಿಗೆ) ಪೂಲನ್ನು ಓದಲಾಗದೆ ಹೋಗಬಹುದಾದ್ದರಿಂದ, ಮೊದಲು ಬೂಟ್ ಕೋಡನ್ನೇ ಬದಲಾಯಿಸಿದೆ.

ಲಿನಕ್ಸ್‌ನಲ್ಲಿ ಪಳಗಿದವರ ಕೈ ಇಂಥಲ್ಲಿ, ಬೈಟ್‌ಗಳನ್ನು ಡಿಸ್ಕ್‌ಗೆ ನೇರವಾಗಿ ನಕಲಿಸುವ ಡಿಡಿ ಆದೇಶದ ಕಡೆಗೇ ಹೋಗುತ್ತದೆ. ಆದರೆ ಫ್ರೀಬಿಎಸ್‌ಡಿಯಲ್ಲಿ ಬಳಕೆಯಲ್ಲಿರುವ ಡಿಸ್ಕ್‌ನ ಸೊನ್ನೆಯ, ಅಂದರೆ ಮೊಟ್ಟಮೊದಲ, ಸೆಕ್ಟರ್‌ಗೆ ಡಿಡಿಯಿಂದ ಬರೆಯಹೊರಟರೆ, ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಿಗೂ ಅನುಮತಿ ಇಲ್ಲವೆಂಬ ಉತ್ತರವೇ ಸಿಗುತ್ತದೆ. 2003ರ 5.0 ಆವೃತ್ತಿಯೊಡನೆ ಬಂದ ಜಿಯೋಮ್ ಎಂಬ, ಡಿಸ್ಕ್‌ಗಳನ್ನು ನಿಭಾಯಿಸುವ ಪದರ ಪ್ರತಿಯೊಂದು ಡಿಸ್ಕನ್ನೂ ಪಾರ್ಟಿಷನ್ನನ್ನೂ ಯಾರು ಓದಲು, ಯಾರು ಬರೆಯಲು, ಯಾರು ತಮಗೆ ಮಾತ್ರವೆಂದು ತೆರೆದಿದ್ದಾರೆ ಎಂಬ ಲೆಕ್ಕ ಇಡುತ್ತದೆ. ಒಳಗಿನ ಪಾರ್ಟಿಷನ್ ಮೌಂಟ್ ಆಗಿ ಬಳಕೆಯಲ್ಲಿದ್ದರೆ ಇಡೀ ಡಿಸ್ಕ್‌ನ ಮೇಲೂ ಆ ಹಕ್ಕು ಏರಿ ಕುಳಿತಿರುತ್ತದೆ. ಕಾರಣ ಸ್ಪಷ್ಟ: ಪಾರ್ಟಿಷನ್ ಪಟ್ಟಿಯ ಒಂದು ಪ್ರತಿ ವ್ಯವಸ್ಥೆಯ ತಿರುಳಾದ ಕರ್ನಲ್‌ನ ನೆನಪಿನಲ್ಲೂ ಇರುತ್ತದೆ, ಡಿಸ್ಕ್‌ನಲ್ಲಿರುವುದನ್ನು ಕರ್ನಲ್‌ಗೆ ತಿಳಿಯದಂತೆ ಬದಲಾಯಿಸಿದರೆ ಎರಡೂ ಬೇರೆಬೇರೆಯಾಗಿ ಬಿಡುತ್ತವೆ. ಹಳೆಯ ಬಿಎಸ್‌ಡಿಗಳೂ ಇದನ್ನೇ ಬೇರೆ ರೀತಿಯಲ್ಲಿ ಮಾಡುತ್ತಿದ್ದವು. ನೆಟ್‌ಬಿಎಸ್‌ಡಿಯಲ್ಲಿ ಲೇಬಲ್ (ಅಲ್ಲಿನ ಪಾರ್ಟಿಷನ್ ಪಟ್ಟಿ) ಇರುವ ಸೆಕ್ಟರನ್ನು ಬರೆಯಬಲ್ಲದ್ದನ್ನಾಗಿ ಮಾಡಲು ಡಿಸ್ಕ್‌ಲೇಬಲ್ ಆದೇಶಕ್ಕೆ ಪ್ರತ್ಯೇಕ ಆಯ್ಕೆಯೇ ಇದೆ. ಲಿನಕ್ಸ್‌ನಲ್ಲಿ ಮೌಂಟ್ ಆದ ಸಾಧನಕ್ಕೆ ನೇರ ಬರವಣಿಗೆಯನ್ನು ತಡೆಯುವ ಆಯ್ಕೆ ಬಂದದ್ದು 2024ರ 6.8ನೇ ಕರ್ನಲ್‌ನಲ್ಲಿ.

ಕರ್ನ್.ಜಿಯೋಮ್.ಡೀಬಗ್‌ಫ್ಲ್ಯಾಗ್ಸ್ ಎಂಬ ಸಿಸ್‌ಕಂಟ್ರೋಲ್ (ಓಡುತ್ತಿರುವ ಕರ್ನಲ್‌ನ ಹೊಂದಿಕೆಯ) ಮೌಲ್ಯವನ್ನು 16 ಮಾಡಿದರೆ ಜಿಯೋಮ್‌ನ ಈ ತಡೆ ಬಿದ್ದುಹೋಗುತ್ತದೆ. ಅಂತರಜಾಲದ ಅನೇಕ ಸಲಹೆಗಳು ಇಲ್ಲಿಂದಲೇ ಶುರುವಾಗುತ್ತವೆ. ಸೇವೆಯಲ್ಲಿರುವ ಯಂತ್ರದಲ್ಲಿ ಇದನ್ನು ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಸೊನ್ನೆಯ ಸೆಕ್ಟರ್‌ಗೆ ಸೇರಬೇಕಾದ ಬೂಟ್ ಕೋಡ್ ಇರುವ ಪಿಎಂಬಿಆರ್ ಕಡತ 512 ಬೈಟ್‌ಗಳದ್ದು, ಅದರಲ್ಲಿ ಕೋಡ್‌ಗೆ ಸಲ್ಲುವುದು ಮೊದಲ 446 ಮಾತ್ರ. ಡಿಡಿಯಿಂದ ಇಡೀ ಕಡತವನ್ನು ಸುರಿದರೆ, ಜಿಪಿಟಿಯ ಇರವನ್ನು ಸೂಚಿಸುವ ರಕ್ಷಕ ನಮೂದೂ ಅಳಿದು, ಮುಂದಿನ ಬೂಟ್‌ನಲ್ಲಿ ಪಾರ್ಟಿಷನ್‌ಗಳೇ ಕಾಣದೆ ಹೋಗಬಹುದು.

ಹಾಗಾಗಿ ನಾನು ಪಾರ್ಟಿಷನ್‌ಗಳನ್ನು ನಿಭಾಯಿಸುವ ಫ್ರೀಬಿಎಸ್‌ಡಿಯ ಜಿಪಾರ್ಟ್ ಆದೇಶ ಬಳಸಿದೆ. ಮೊದಲು ಜಿಪಾರ್ಟ್ ಬ್ಯಾಕಪ್‌ನಿಂದ ಎರಡೂ ಡಿಸ್ಕ್‌ಗಳ ಪಾರ್ಟಿಷನ್ ಪಟ್ಟಿಯನ್ನು ಬೇರೊಂದು ಯಂತ್ರಕ್ಕೆ ಉಳಿಸಿಕೊಂಡೆ. ಅನಂತರ ಜಿಪಾರ್ಟ್ ಬೂಟ್‌ಕೋಡ್ ಆದೇಶಕ್ಕೆ ಪಿಎಂಬಿಆರ್ ಮತ್ತು (ಝಡ್‌ಎಫ್‌ಎಸ್ ಓದಬಲ್ಲ ಬೂಟ್ ಕೋಡ್ ಇರುವ) ಜಿಪಿಟಿಝಡ್‌ಎಫ್‌ಎಸ್‌ಬೂಟ್ ಎರಡೂ ಕಡತಗಳನ್ನು ಕೊಟ್ಟೆ. ಮೊದಲನೆಯದನ್ನು ಅದು ಕರ್ನಲ್‌ಗೇ ಒಪ್ಪಿಸುತ್ತದೆ, ಕರ್ನಲ್ ರಕ್ಷಕ ನಮೂದನ್ನು ಹಾಗೆಯೇ ಉಳಿಸಿ ಕೋಡನ್ನಷ್ಟೇ ಬದಲಾಯಿಸುತ್ತದೆ. ಎರಡನೆಯದು ಬೂಟ್ ಕೋಡ್‌ಗೆಂದೇ ಇರುವ ಫ್ರೀಬಿಎಸ್‌ಡಿ-ಬೂಟ್ ಪಾರ್ಟಿಷನ್‌ಗೆ ಹೋಗುತ್ತದೆ. ಆ ಪಾರ್ಟಿಷನ್ನನ್ನು ಯಾರೂ ಮೌಂಟ್ ಮಾಡಿರುವುದಿಲ್ಲವಾದ್ದರಿಂದ ಯಾವ ತಡೆಯೂ ಎದುರಾಗುವುದಿಲ್ಲ. ಈ ಪಾರ್ಟಿಷನ್ನನ್ನು 512 ಕಿಲೋಬೈಟ್‌ನಷ್ಟು ಇಟ್ಟುಕೊಳ್ಳುವುದು ರೂಢಿ; ಪಿಎಂಬಿಆರ್ ಓದಬಲ್ಲದ್ದು 545 ಕಿಲೋಬೈಟ್‌ವರೆಗೆ ಮಾತ್ರ.

ಮಿರರ್ ಇದೆಯೆಂದು ಒಂದು ಡಿಸ್ಕ್‌ಗೆ ಬರೆದು ನಿಲ್ಲಿಸುವಂತಿಲ್ಲ. ಝಡ್‌ಎಫ್‌ಎಸ್ ಪ್ರತಿ ಮಾಡುವುದು ತನ್ನ ಪಾರ್ಟಿಷನ್ನಿನೊಳಗಿನದನ್ನು ಮಾತ್ರ, ಬೂಟ್ ಕೋಡ್ ಅದರ ಹೊರಗಿದೆ. ಎರಡನೆಯ ಡಿಸ್ಕ್‌ಗೂ ಅದೇ ಆದೇಶ ಕೊಟ್ಟು, ಎರಡೂ ಬೂಟ್ ಪಾರ್ಟಿಷನ್‌ಗಳ ಆರಂಭವನ್ನು ಕಡತದೊಡನೆ ಹೋಲಿಸಿ ನೋಡಿದೆ. ಓದುವುದಕ್ಕೆ ಜಿಯೋಮ್‌ನ ಅಡ್ಡಿಯಿಲ್ಲ. ಬಯಾಸ್‌ನಲ್ಲಿ ಬೂಟ್ ಕ್ರಮ ಬದಲಿಸಿ ಒಂದೊಂದು ಡಿಸ್ಕ್‌ನಿಂದಲೂ ಯಂತ್ರ ಏಳುವುದನ್ನು ಖಚಿತಪಡಿಸಿಕೊಂಡ ಬಳಿಕವೇ ಝಡ್‌ಪೂಲ್ ಅಪ್‌ಗ್ರೇಡ್ ಮಾಡಿದೆ.